ಕಲಿಪಾಳ ಬೆಳ್ಳಿ ಕಡಗ, ಸೊಸೆಯ ಕಪ್ಪು ಬೆರಳು

"ದೊಡ್ಡಮ್ಮ, ಸಂಜೆಯೊಳಗೆ ನೀವೇನಾದ್ರೂ ಮಾಡ್ಬೇಕು. ಇಲ್ದಿದ್ರೆ ನನ್ ಹೆಂಡ್ತಿ ಜಿಬೆಕ್‌ನ ಅವಳ ಅಣ್ಣ ಬಂದು ಕರ್ಕೊಂಡು ಹೋಗ್ತಾನೆ," ಎಂದು ಎರ್ಮೆಕ್ ಹೊಸಿಲ ಮೇಲೆ ನಿಂತೇ ಹೇಳಿದ. ತಲೆಯ ಟೊಪ್ಪಿಗೆಯನ್ನು ಕೈಗೆ ತೆಗೆದುಕೊಂಡು ಒದ್ದೆ ಬಟ್ಟೆಯ ಹಾಗೆ ಹಿಂಡುತ್ತಿದ್ದ.

"ಹೊಸಿಲ ಮೇಲೆ ನಿಂತು ಗೋಳಾಡ್ಬೇಡ. ಒಳಗೆ ಬಾ, ಒಂದು ಚೂರು ರೊಟ್ಟಿ ಮುರಿ, ಆಮೇಲೆ ಮಾತು," ಎಂದಳು ಬುರುಲ್ಕಾನ್.

ಬಾಲಿಕ್ಚಿ ಊರಿನ ರೈಲ್ವೆ ಪೊಲೀಸಿನಲ್ಲಿ ತನಿಖೆ ಮಾಡಿ ಮಾಡಿ ಕೂದಲು ನರೆಸಿಕೊಂಡು ನಿವೃತ್ತಳಾದ ಹೆಂಗಸು ಅವಳು. ಈಗಲೂ ಊರಿನಲ್ಲಿ ಕುರಿ ಕಾಣೆಯಾದರೂ ಜನ ಠಾಣೆಗಿಂತ ಮೊದಲು ಅವಳ ಬಾಗಿಲಿಗೇ ಬರುತ್ತಿದ್ದರು. ಆ ಹೊತ್ತಿಗೆ ಎಂದಿನಂತೆ ಅಲ್ಲೇ ಚಹಾ ಕುಡಿಯುತ್ತ ಕೂತಿದ್ದವನು ಪಕ್ಕದ ಮನೆಯ ಸಾತಾರ್. ಒಂದು ಕಾಲದಲ್ಲಿ ಬಸ್ಸು ಓಡಿಸುತ್ತಿದ್ದ. ಯಾರೋ ಕದ್ದ ಡೀಸೆಲ್ಲಿನ ಅಪವಾದ ಅವನ ತಲೆಗೆ ಬಂದಾಗ ಅದನ್ನು ಒರೆಸಿ ಹಾಕಿದವಳು ಬುರುಲ್ಕಾನ್. ಅಂದಿನಿಂದ ಅವಳು ಎಲ್ಲಿಗೆ ಹೊರಟರೂ ಸಾತಾರನ ಹಳೇ ಮಾಸ್ಕ್ವಿಚ್ ಕಾರು ಹೊರಡುತ್ತಿತ್ತು. ಪ್ರತಿಯಾಗಿ ಅವನಿಗೆ ಸಿಗುತ್ತಿದ್ದದ್ದು ಚಹಾ ಮತ್ತು ಬೈಗುಳ. ಅದರಲ್ಲಿ ಅವನಿಗೆ ಒಂದಿಷ್ಟೂ ಕೊರತೆ ಕಾಣಲಿಲ್ಲ.

ಎರ್ಮೆಕ್ ರೊಟ್ಟಿ ಮುರಿದ, ನುಂಗಿದ, ಹೇಳಲು ತೊಡಗಿದ. ಅವನ ತಂದೆ ಒರೊಜಾಲಿ ಮೀನುದೋಣಿಗಳ ಮೆಕ್ಯಾನಿಕ್. ಅವನು ತೀರಿಕೊಂಡ ಮೇಲೆ ಅವನ ಸೈಡ್‌ಕಾರಿನ ಮೋಟರ್ ಸೈಕಲ್ಲು ಮನೆಗೆ ಅಂಟಿಕೊಂಡ ಕೊಟ್ಟಿಗೆಯಲ್ಲಿ ಹಾಗೇ ನಿಂತುಬಿಟ್ಟಿತ್ತು. ಊರಂಚಿನ ಸರೋವರದ ಉಪ್ಪುಗಾಳಿ ಅದರ ಹೆಡ್‌ಲೈಟಿನ ಬಳೆ, ಹ್ಯಾಂಡಲ್, ಸೈಲೆನ್ಸರ್ ಎಲ್ಲವನ್ನೂ ಕಂದು ಮಾಡಿತ್ತು. ತಾಯಿ ಕಲಿಪಾ ಅದನ್ನು ಮಾರಲೂ ಇಲ್ಲ, ಮುಟ್ಟಲೂ ಇಲ್ಲ. ವಸಂತದಲ್ಲಿ ಮದುವೆಯಾಗಿ ಬಂದ ಸೊಸೆ ಜಿಬೆಕ್, ಅತ್ತೆಯ ಹುಟ್ಟುಹಬ್ಬಕ್ಕೆ ಅದನ್ನು ಹೊಳೆಯುವಂತೆ ಮಾಡಿ ತೋರಿಸಬೇಕೆಂದು ಗುಟ್ಟಾಗಿ ಕೆಲಸ ಹಿಡಿದಳು. ಗಂಡನಿಗೂ ಹೇಳಲಿಲ್ಲ. ದಿನಾ ಕೊಟ್ಟಿಗೆಗೆ ಹೋಗಿ ಅಗಳಿ ಹಾಕಿಕೊಳ್ಳುವುದು, ಬೆರಳು ಕಪ್ಪು ಮಾಡಿಕೊಂಡು ಹೊರಗೆ ಬರುವುದು. ಅತ್ತೆ ಏನೆಂದು ಕೇಳಿದರೆ ನಕ್ಕು ಸುಮ್ಮನಾಗುವುದು.

ನಿನ್ನೆ, ಭಾನುವಾರ, ನೆಂಟರು ಕೂಡಿದಾಗ ಜಿಬೆಕ್ ಕೊಟ್ಟಿಗೆಯ ಬಾಗಿಲು ತೆರೆದು ಹೊದಿಕೆ ಎಳೆದಳು. ಗಾಡಿ ಥಳಥಳ ಅನ್ನುತ್ತಿತ್ತು. ಕಲಿಪಾ ಹೆಡ್‌ಲೈಟಿನ ಮುಂದೆ ಬಗ್ಗಿ ನೋಡಿದಳು. ಕಲಿಪಾಳ ನೆರೆಯವಳು ಶಾಕಿನ್, ಹೊಸದನ್ನು ಮೊದಲ ಸಲ ನೋಡಿದವರು ಕೊಡುವ ನೋಟದ ಕಾಣಿಕೆಯೆಂದು ತನ್ನ ಕುತ್ತಿಗೆಯ ವಸ್ತ್ರವನ್ನೇ ಬಿಚ್ಚಿ ಹ್ಯಾಂಡಲಿಗೆ ಕಟ್ಟಿದಳು. ಶಾಲೆಯ ಮೇಷ್ಟ್ರು ಸೀಟಿನ ಮೇಲೆ ಹೊಸ ಕರವಸ್ತ್ರ ಇಟ್ಟರು. ಒರೊಜಾಲಿಯ ತಮ್ಮ ಜುಮಾಶ್ ಟ್ಯಾಂಕನ್ನು ಸವರಿ, "ಅಂತೂ ಸೈಲೆನ್ಸರ್ರೂ ಮುಗಿಸ್ಬಿಟ್ಯಲ್ಲಮ್ಮ, ಭೇಷ್," ಎಂದು ಅಣ್ಣನನ್ನು ನೆನೆದು ಕಣ್ಣು ಒರೆಸಿಕೊಂಡ. ಕಲಿಪಾ ಸರಸರ ಒಳಗೆ ಹೋದಳು. ಹೊರಗೆ ಬಂದಾಗ ಅವಳ ಮುಖ ಸುಣ್ಣದ ಗೋಡೆಯಾಗಿತ್ತು. ಪೆಟ್ಟಿಗೆಯಲ್ಲಿದ್ದ ಅತ್ತೆಯ ಕಾಲದ ಜೋಡಿ ಬೆಳ್ಳಿ ಕಡಗ ಇರಲಿಲ್ಲ.

"ಕೊನೇ ಸಲ ನೋಡಿದ್ದು ಯಾವಾಗ?" ಎಂದು ಬುರುಲ್ಕಾನ್ ಕೇಳಿದಳು.

ಶನಿವಾರ ಬೆಳಿಗ್ಗೆ ಕಲಿಪಾ ತಾನೇ ತೆಗೆದು ನೋಡಿ ಇಟ್ಟಿದ್ದಳು. ಮಧ್ಯಾಹ್ನ ಮನೆಮಂದಿಯೆಲ್ಲ ಊರಿನ ಸ್ನಾನದ ಮನೆಗೆ ಹೋಗಿದ್ದರು. ಅದು ಶನಿವಾರದ ವಾಡಿಕೆ, ಊರಿಗೆಲ್ಲ ಗೊತ್ತು. ಮನೆಗೆ ಬೀಗ ಇತ್ತು. ಕೊಟ್ಟಿಗೆಯ ಹಿಂಬಾಗಿಲಿಗೆ ಮಾತ್ರ ಬರೀ ಒಂದು ತಂತಿ ಸುತ್ತಿತ್ತು. ಚಳಿಗಾಲದಲ್ಲಿ ಇದ್ದಿಲು ತರಲೆಂದು ಕೊಟ್ಟಿಗೆಯಿಂದ ಪೆಟ್ಟಿಗೆಯ ಕೋಣೆಗೆ ಒಂದು ಗಿಡ್ಡ ಬಾಗಿಲಿತ್ತು, ಅದರ ಅಗಳಿ ಕೊಟ್ಟಿಗೆಯ ಕಡೆಗೇ ಇತ್ತು.

"ಕೊಟ್ಟಿಗೇಲಿ ದಿನಗಟ್ಟಲೆ ಇದ್ದವಳು ಅವಳೊಬ್ಳೇ ಅಂತ ಅಮ್ಮನ ವಾದ," ಎಂದ ಎರ್ಮೆಕ್. "ಕಪ್ಪು ಬೆರಳು ಬೇರೆ. ಬುರುಲ್ಕಾನ್ ದೊಡ್ಡಮ್ಮ, ನನ್ ಹೆಂಡ್ತಿ ಅಂಥವಳಲ್ಲ."

"ಎಲ್ಲಾ ಗಂಡಂದಿರೂ ಹಾಗೇ ಅಂತಾರೆ," ಎಂದು ಬುರುಲ್ಕಾನ್ ಶಾಲು ಹೊದ್ದಳು. "ಸಾತಾರ್, ಗಾಡಿ ತೆಗಿ."

ಕಲಿಪಾಳ ಅಂಗಳದಲ್ಲಿ ಹಲಗೆಯ ಮೇಲೆ ಒಣಮೊಸರಿನ ಉಂಡೆಗಳು ಬಿಸಿಲಿಗೆ ಹರಡಿದ್ದವು. ಕಲಿಪಾ ಅವುಗಳ ಮುಂದೆ ಬಿಗಿದ ಮುಖದಲ್ಲಿ ಕೂತಿದ್ದಳು. ಮೈದುನ ಜುಮಾಶ್ ಪಕ್ಕದಲ್ಲೇ ನಿಂತು ಸಮಾಧಾನ ಹೇಳುತ್ತಿದ್ದ. ಸಾತಾರನನ್ನು ಕಂಡವನೇ ಬಂದು ತಬ್ಬಿ, ಕೈಗೆ ಒಂದು ಮುಷ್ಟಿ ಹುರಿದ ಬೀಜ ಸುರಿದ. ಈ ಮನುಷ್ಯನ ಸ್ವಭಾವವೇ ಅದು. ಕೊಡುವುದಕ್ಕೆ ಮೊದಲಿಗ. ಹಿಂದಿನ ವರ್ಷ ಸಾತಾರ್ ಕಾರಿಗೆ ಹೊಸ ಗಾಜು ಹಾಕಿಸಿದಾಗ ಊರಿನವರು ಯಾರೂ ತಿರುಗಿ ನೋಡಲಿಲ್ಲ. ಜುಮಾಶ್ ಮಾತ್ರ ದಾರಿಯಲ್ಲಿ ಕಾರು ನಿಲ್ಲಿಸಿ, ಮೊದಲ ನೋಟಕ್ಕೆ ಬರಿಗೈ ಕೂಡದು ಎಂದು ಕಿಟಕಿಯೊಳಗೆ ಮಿಠಾಯಿ ಹಾಕಿ ಹೋಗಿದ್ದ. ಯಾರ ಮನೆಗೆ ಹೊಸ ಬಕೆಟ್ಟು ಬಂದರೂ ಅವನ ಕೈ ಜೇಬಿಗೆ ಹೋಗುವುದನ್ನು ಸಾತಾರ್ ಕಣ್ಣಾರೆ ಕಂಡಿದ್ದ.

ಕಲಿಪಾ ಮಾತಿಗೆ ಮುಂಚೆ ಒಂದು ಬೋಗುಣಿಯನ್ನು ತಂದು ಬುರುಲ್ಕಾನ್‌ಳ ಮುಂದೆ ಕುಕ್ಕಿದಳು. ಅದರಲ್ಲಿ ಹುಳಿ ವಾಸನೆಯ ಕಂದುಗಪ್ಪು ನೀರು, ತಳದಲ್ಲಿ ಮುದುಡಿ ಕಪ್ಪಾದ ಬೇಗಡೆ ಕಾಗದದ ಉಂಡೆಗಳು.

"ಕೊಟ್ಟಿಗೇಲಿ ಗೋಣಿಚೀಲದ ಕೆಳಗೆ ಬಚ್ಚಿಟ್ಟಿದ್ಲು. ಬೇಗಡೇಲಿ ಏನು ತೊಳೀತಾರೆ? ಬೆಳ್ಳಿ ತೊಳೀತಾರೆ. ಮಾರೋಕೆ ಮುಂಚೆ ಹೊಳಪು ಕೊಟ್ಟಿದಾಳೆ. ಕೇಳಿದ್ರೆ ಗಾಡಿ ಉಜ್ಜಿದ್ದು ಅಂತಾಳೆ. ಚಾಕೊಲೇಟಿನ ಕಾಗದಕ್ಕೆ ಕಬ್ಬಿಣದ ತುಕ್ಕು ಬಿಡುತ್ತಾ? ನಾನೇನು ನಿನ್ನೆ ಹುಟ್ಟಿದವಳಾ? ಜುಮಾಶ್ ಕೂಡ ನೋಡಿದ ತಕ್ಷಣ ಇದು ಬೆಳ್ಳಿ ತೊಳೆದ ನೀರೇ ಅಂದ."

ಜುಮಾಶ್ ನೆಲ ನೋಡಿದ. ಒಳ್ಳೆಯ ಮನುಷ್ಯ, ಸೊಸೆಯ ಮೇಲೆ ಮಾತು ಬಂದಿದ್ದಕ್ಕೆ ನಾಚಿದ ಎಂದುಕೊಂಡ ಸಾತಾರ್.

ಬುರುಲ್ಕಾನ್ ಬೋಗುಣಿಯ ನೀರಿನಲ್ಲಿ ಬೆರಳದ್ದಿ ಮೂಸಿದಳು, ಕಣ್ಣರಳಿಸಿದಳು. ನೇರ ಜಿಬೆಕ್‌ಳ ಕೋಣೆಗೆ ನಡೆದಳು. ಗಂಟುಮೂಟೆ ಆಗಲೇ ಕಟ್ಟಿತ್ತು. ಹುಡುಗಿ ಅದರ ಪಕ್ಕದಲ್ಲಿ ಕಪ್ಪು ಬೆರಳುಗಳನ್ನು ಶಾಲಿನೊಳಗೆ ಮುಚ್ಚಿಕೊಂಡು ಕೂತಿದ್ದಳು. ಕೈ ಕೆಸರಾದರೆ ಬಾಯಿ ಮೊಸರು ಎನ್ನುತ್ತಾರೆ. ಈ ಹುಡುಗಿಯ ಪಾಲಿಗೆ ಮೊಸರೇ ಕೆಸರಾಗಿತ್ತಲ್ಲ ಎಂದು ಸಾತಾರ್ ಮರುಗಿದ. ಬುರುಲ್ಕಾನ್ ಎಲ್ಲರನ್ನೂ ಹೊರಗೆ ಅಟ್ಟಿ, ಸಾತಾರನಿಗೆ ಮಾತ್ರ ಗೋಡೆಯ ಕಡೆ ತಿರುಗಿ ಕೂರಲು ಅಪ್ಪಣೆ ಕೊಟ್ಟಳು.

ಗೋಡೆ ನೋಡುತ್ತಲೇ ಸಾತಾರ್ ಎಲ್ಲ ಕೇಳಿಸಿಕೊಂಡ. ಜಿಬೆಕ್‌ಳ ಅಜ್ಜಿ ಸೈಕಲ್ಲಿನ ಹ್ಯಾಂಡಲನ್ನು ಹೀಗೇ ಬೆಳಗುತ್ತಿದ್ದಳಂತೆ. ಒಣಮೊಸರು ಮಾಡುವಾಗ ಬಸಿದ ಹುಳಿ ತಿಳಿನೀರಿನಲ್ಲಿ ಬೇಗಡೆಯ ಉಂಡೆಯನ್ನು ಅದ್ದಿ, ಒತ್ತದೆ, ಸುತ್ತಿ ಸುತ್ತಿ ಉಜ್ಜಬೇಕು. ಮರಳು, ಬೂದಿ ಹಾಕಿದರೆ ಗೀರು ಬೀಳುತ್ತದೆ. ಬೇಗಡೆ ಮೆತ್ತಗಿರುವುದರಿಂದ ತುಕ್ಕನ್ನು ಮಾತ್ರ ಎಬ್ಬಿಸುತ್ತದೆ, ಹೊಳಪಿನ ಲೇಪಕ್ಕೆ ಪೆಟ್ಟಿಲ್ಲ. ಆಮೇಲೆ ಶುದ್ಧ ನೀರಲ್ಲಿ ತೊಳೆದು, ಒಣಬಟ್ಟೆಯಲ್ಲಿ ಒರೆಸಿ, ಕುರಿಯ ಬಾಲದ ಕೊಬ್ಬನ್ನು ತೆಳ್ಳಗೆ ಸವರಿದರೆ ಮತ್ತೆ ತುಕ್ಕು ಹತ್ತುವುದಿಲ್ಲ. ಹೆಡ್‌ಲೈಟು, ಹ್ಯಾಂಡಲ್, ಚಕ್ರದ ಅಂಚು ಎಲ್ಲ ಶನಿವಾರದ ಬೆಳಿಗ್ಗೆಗೇ ಮುಗಿದಿದ್ದವು.

"ಸೈಲೆನ್ಸರ್ ಒಂದು ಉಳಿದಿತ್ತು. ಸುಟ್ಟು ಹತ್ತಿದ ತುಕ್ಕು, ಬೇಗ ಬಿಡ್ಲಿಲ್ಲ," ಎಂದಳು ಜಿಬೆಕ್. "ಭಾನುವಾರ ಬೆಳಿಗ್ಗೆ ಬೇಗ ಎದ್ದು ಅದನ್ನ ಮುಗಿಸ್ದೆ."

"ಶನಿವಾರ ಸ್ನಾನದಿಂದ ಬಂದ್ಮೇಲೆ ಕೊಟ್ಟಿಗೆಗೆ ಹೋಗಿದ್ಯಾ?"

ಹುಡುಗಿ ಇನ್ನೂ ಮೆತ್ತಗೆ ಹೇಳಿದಳು. ಹೋಗಿದ್ದಳು. ಹೊದಿಕೆ ಪಕ್ಕಕ್ಕೆ ಸರಿದಿತ್ತು. ಸೀಟಿನ ಮೇಲೆ ಒಂದಿಷ್ಟು ಮಿಠಾಯಿ ಒಪ್ಪವಾಗಿ ಗುಡ್ಡೆ ಹಾಕಿ ಇಟ್ಟಿತ್ತು. ಗಂಡ ಇಣುಕಿ ನೋಡಿ ಕಾಣಿಕೆ ಇಟ್ಟಿದ್ದಾನೆ ಎಂದುಕೊಂಡಳು. ಒಂದನ್ನು ತಿಂದಳು, ಉಳಿದದ್ದನ್ನು ದಿಂಬಿನ ಕೆಳಗೆ ಇಟ್ಟಳು. ಅವನು ಗುಟ್ಟು ಮಾಡಿದ ಮೇಲೆ ತಾನೂ ಕೇಳುವುದು ಬೇಡವೆಂದು ಸುಮ್ಮನಾದಳು.

"ಅತ್ತೆ ಮುಂದೆ ಇದನ್ನೆಲ್ಲ ಹೇಗೆ ಹೇಳ್ಲಿ, ನಾಚಿಕೆ ಆಗಲ್ವಾ," ಎಂದಳು.

ಸಾತಾರನಿಗೆ ಗೋಡೆಯ ಕಡೆ ನೋಡಿಕೊಂಡೇ ನಗು ಬಂತು. ಎಷ್ಟು ಮುದ್ದಾದ ಗಂಡ ಹೆಂಡತಿ. ಹೊರಗೆ ಬಂದು ಎರ್ಮೆಕ್‌ನ ಬೆನ್ನು ತಟ್ಟಿ, ಮಿಠಾಯಿಯ ವಿಷಯ ನಮಗೂ ಗೊತ್ತಾಯಿತು ಎಂದ. ಎರ್ಮೆಕ್ ಪಿಳಿಪಿಳಿ ಕಣ್ಣು ಬಿಟ್ಟ. ಯಾವ ಮಿಠಾಯಿ? ತಾನು ಗಾಡಿಯನ್ನು ನೋಡಿದ್ದೇ ಭಾನುವಾರ, ಎಲ್ಲರ ಜೊತೆಗೆ.

ಬುರುಲ್ಕಾನ್ ಸಾತಾರನ ತೋಳು ಹಿಡಿದು ಬಾಗಿಲ ಹೊರಗೆ ಕರೆದೊಯ್ದಳು. ಅವಳ ಕಣ್ಣಿನಲ್ಲಿ ಹಳೆಯ ಬೆಳಕು ಬಂದಿತ್ತು. "ನಿನ್ನ ಬಾಯಿಗೆ ಬೀಗ ಇಲ್ದಿರೋದು ಇವತ್ತು ಉಪಯೋಗಕ್ಕೆ ಬಂತು ಕಣಯ್ಯ. ನಿನ್ನೆ ಯಾರ್‍ಯಾರು ಬಂದಿದ್ರೋ ಅವರನ್ನೆಲ್ಲ ಸಂಜೆ ಕರೆಸು. ಅಷ್ಟರೊಳಗೆ ನಿನ್ನ ಕಾರಿನ ಬಂಪರ್ ನಂಗೆ ಬೇಕು."

ಸಂಜೆ ಜಿಬೆಕ್‌ಳ ಅಣ್ಣ ಕುಬಾತ್ ಲಾರಿ ತಂದು ಬಾಗಿಲಲ್ಲಿ ನಿಲ್ಲಿಸಿದ. ಮಾತಿಲ್ಲ, ಸಲಾಂ ಇಲ್ಲ, ತಂಗಿಯ ಗಂಟು ಎಲ್ಲಿ ಎಂದು ಕೇಳಿದ. ಗಂಡನ ಮನೆಯಿಂದ ಕಳ್ಳಿ ಎಂದು ವಾಪಸು ಬಂದ ಹುಡುಗಿಗೆ ಊರಿನಲ್ಲಿ ಮುಂದೆ ಯಾವ ಬಾಳಿದೆ ಎಂಬುದು ಅವನ ಮುಖದ ಮೇಲೇ ಬರೆದಿತ್ತು. ಬುರುಲ್ಕಾನ್ ಅವನನ್ನು ಹಿಡಿದು ಕೂರಿಸಿದಳು. ಶಾಕಿನ್ ಬಂದಳು, ಮೇಷ್ಟ್ರು ಬಂದರು, ಜುಮಾಶ್ ಅಲ್ಲೇ ಇದ್ದ. ಮೋಟರ್ ಸೈಕಲ್ಲನ್ನು ಅಂಗಳಕ್ಕೆ ತಳ್ಳಿ ತರಲಾಯಿತು. ಅದರ ಎದುರಿಗೆ ಸಾತಾರನ ಕಾರು.

"ಮೊದಲನೇದು ಬೆರಳಿನ ಕಪ್ಪು," ಎಂದು ಬುರುಲ್ಕಾನ್ ಶುರು ಮಾಡಿದಳು. "ಕಲಿಪಾ, ನಿನ್ನ ಒಣಮೊಸರಿನ ತಿಳಿನೀರು ತಾ. ಶಾಕಿನ್, ನೀನು ತಿಂತಿರೋ ಚಾಕೊಲೇಟಿನ ಬೇಗಡೆ ಕೊಡು." ಬೇಗಡೆಯನ್ನು ಮುದುಡಿ, ಅದ್ದಿ, ಕಾರಿನ ಬಂಪರಿನ ತುಕ್ಕು ಹಿಡಿದ ಕಡೆ ಸುತ್ತಿ ಸುತ್ತಿ ಉಜ್ಜಿದಳು. ಮೊದಲು ಕಂದು ನೀರು ಇಳಿಯಿತು, ಆಮೇಲೆ ಕರೀ ರಾಡಿ. ಬಟ್ಟೆಯಲ್ಲಿ ಒರೆಸಿದಾಗ ಅಂಗೈಯಗಲದ ಜಾಗ ಬೆಳ್ಳಗೆ ಹೊಳೆಯಿತು. ಸಾತಾರ್ ಬಗ್ಗಿ ನೋಡಿದ. ಅದರಲ್ಲಿ ಅವನ ಮೀಸೆ ಕಾಣುತ್ತಿತ್ತು. ಅವನಿಗೆ ಅಲ್ಲೇ ಕೂತು ಉಳಿದದ್ದನ್ನೂ ಉಜ್ಜಿಬಿಡಬೇಕು ಅನ್ನಿಸಿತು.

ಬುರುಲ್ಕಾನ್ ತನ್ನ ಕೈಯನ್ನು ಎಲ್ಲರಿಗೂ ಹಿಡಿದು ತೋರಿಸಿದಳು. ಬೆರಳುಗಳು ಜಿಬೆಕ್‌ಳ ಬೆರಳಿನಷ್ಟೇ ಕಪ್ಪು. "ಬೋಗುಣಿ ನೀರಲ್ಲಿ ಬೆರಳದ್ದಿದಾಗ್ಲೇ ಕಂದು ರಾಡಿ ಅಂಟ್ತು. ಬೆಳ್ಳಿ ತೊಳೆದ ನೀರಲ್ಲಿ ಕಂದು ಎಲ್ಲಿಂದ ಬರುತ್ತೆ ಕಲಿಪಾ? ಅದು ತುಕ್ಕು. ನಿನ್ನ ಸೊಸೆ ಹೇಳಿದ್ದು ಅಕ್ಷರ ಅಕ್ಷರ ನಿಜ."

ಕಲಿಪಾ ಬುರುಲ್ಕಾನ್‌ಳ ಕೈ ಹಿಡಿದು ಬೆರಳುಗಳನ್ನು ತಿರುವಿ ನೋಡಿದಳು. ಕುಬಾತ್ ಮೊದಲ ಸಲ ತಲೆ ಎತ್ತಿದ.

"ಎರಡನೇದು. ಶನಿವಾರ ಎಲ್ಲರೂ ಸ್ನಾನಕ್ಕೆ ಹೋದಾಗ ಹಿಂಬಾಗಿಲ ತಂತಿ ಬಿಚ್ಚಿ ಯಾರೋ ಒಳಗೆ ಬಂದ್ರು. ಕೋಣೆಗೆ ಹೋಗೋಕೆ ಕೊಟ್ಟಿಗೆ ದಾಟ್ಬೇಕು. ದಾಟೋವಾಗ ಹೊದಿಕೆ ಅಂಚಲ್ಲಿ ಏನೋ ಥಳಕ್ ಅಂತು. ಸರಿಸಿ ನೋಡಿದ್ರು. ಹಾಳುಬಿದ್ದಿದ್ದ ಗಾಡಿ ಮದುವಣಗಿತ್ತಿ ಹಾಗೆ ನಿಂತಿದೆ. ಕಳ್ಳತನಕ್ಕೆ ಬಂದವರು ಏನು ಮಾಡ್ಬೇಕು? ಕಣ್ಣು ಮುಚ್ಕೊಂಡು ಮುಂದೆ ಹೋಗ್ಬೇಕು. ಇವರು ಜೇಬಿಗೆ ಕೈ ಹಾಕಿ, ನೋಟದ ಕಾಣಿಕೆ ಇಟ್ಟು, ಆಮೇಲೆ ಕದಿಯೋಕೆ ಹೋದ್ರು. ಹೊಸ ಹೊಳಪನ್ನ ಬರಿಗೈಲಿ ನೋಡ್ಬಾರದು ಅಂತ ತೊಟ್ಟಿಲಲ್ಲೇ ಕಲಿತ ಕೈ ಅದು. ಮನಸ್ಸು ಕೆಟ್ಟರೂ ಕೈ ಕೆಡಲಿಲ್ಲ."

ಜಿಬೆಕ್‌ಳಿಂದ ಪಡೆದ ಮಿಠಾಯಿಗಳನ್ನು ಬುರುಲ್ಕಾನ್ ಸೀಟಿನ ಮೇಲೆ ಇಟ್ಟಳು.

"ಈ ಮಿಠಾಯಿ ಎಲ್ಲಾ ಅಂಗಡೀಲೂ ಸಿಗುತ್ತೆ. ಇದರಿಂದ ಯಾರನ್ನೂ ಹಿಡಿಯೋಕಾಗಲ್ಲ. ಹಾಗಾಗಿ ನಾನು ತಿರುಗಿಸಿ ಯೋಚಿಸ್ದೆ. ಮೊದಲ ನೋಟಕ್ಕೆ ಕಾಣಿಕೆ ಒಂದೇ ಸಲ. ಶನಿವಾರ ಕೊಟ್ಟವರು ಭಾನುವಾರ ಮತ್ತೆ ಕೊಡಲ್ಲ. ಶಾಕಿನ್ ವಸ್ತ್ರ ಕಟ್ಟಿದ್ಲು. ಮೇಷ್ಟ್ರು ಕರವಸ್ತ್ರ ಇಟ್ಟರು. ಜುಮಾಶ್, ನೀನು ಗಾಡಿ ಮೊದಲು ನೋಡಿದ್ದು ಯಾವಾಗ?"

"ಎಲ್ಲರ ಜೊತೆ, ಭಾನುವಾರ," ಎಂದ ಜುಮಾಶ್.

"ನಿನ್ನ ಕಾಣಿಕೆ ಎಲ್ಲಿ?"

ಕುಂಬಳಕಾಯಿ ಕಳ್ಳ ಎಂದರೆ ಹೆಗಲು ಮುಟ್ಟಿ ನೋಡಿಕೊಂಡ ಹಾಗೆ ಅವನ ಕೈ ತಾನಾಗಿ ಜೇಬಿಗೆ ಹೋಯಿತು, ಅರ್ಧಕ್ಕೇ ನಿಂತಿತು. ಸಾತಾರನಿಗೆ ಕಾರಿನ ಕಿಟಕಿಯೊಳಗೆ ಬಂದಿದ್ದ ಆ ಕೈ ಕಣ್ಣಿಗೆ ಕಟ್ಟಿತು. ಬೇಡ, ಇವನಾಗಿರುವುದು ಬೇಡ ಎಂದು ಅವನ ಮನಸ್ಸು ಬೇಡಿಕೊಂಡಿತು.

"ಮರೆತೆ ಅಕ್ಕ. ಅಣ್ಣನ ನೆನಪಾಗಿ ದುಃಖ ಬಂತು, ಮರೆತೆ," ಎಂದ ಜುಮಾಶ್.

"ಮರೆತಿರಬಹುದು. ಬಕೆಟ್ಟಿಗೂ ಮರೆಯದವನು ಅಣ್ಣನ ಗಾಡಿಗೆ ಮರೆತಿರಬಹುದು. ಆದ್ರೆ ನಿನ್ನೆ ನೀನು ಸೊಸೆಗೆ ಅಂತೂ ಸೈಲೆನ್ಸರ್ರೂ ಮುಗಿಸ್ದೆ ಅಂದ್ಯಂತೆ. ಬೇರೆಯೆಲ್ಲ ಮುಗಿದು ಸೈಲೆನ್ಸರ್ ಒಂದು ಕಂದಾಗಿ ಉಳಿದಿದ್ದು ಶನಿವಾರ ಮಾತ್ರ. ಭಾನುವಾರ ಬೆಳಿಗ್ಗೆ ಅವಳು ಅದನ್ನೂ ಬೆಳಗಿದ್ಲು. ಶನಿವಾರ ಕೊಟ್ಟಿಗೆಗೆ ಬರದವನಿಗೆ ಅದು ಹೇಗೆ ಗೊತ್ತಾಯ್ತು?"

ಜುಮಾಶ್ ಮೋಟರ್ ಸೈಕಲ್ಲಿನ ಪಕ್ಕದಲ್ಲೇ ಕುಸಿದು ಕೂತ. ಆಮೇಲೆ ಬಿಕ್ಕುತ್ತ ಎಲ್ಲ ಹೇಳಿದ. ಮಗಳಿಗೆ ದೊಡ್ಡ ಮನೆತನದ ಸಂಬಂಧ ಬಂದಿತ್ತು. ಮಾತಿನ ಭರದಲ್ಲಿ ಅವಳ ಅಜ್ಜಿಯ ಬೆಳ್ಳಿ ಕಡಗ ಅವಳ ಜೊತೆಗೇ ಬರುತ್ತದೆ ಎಂದು ಬೀಗರ ಮುಂದೆ ಹೇಳಿಬಿಟ್ಟಿದ್ದ. ಜೀವಮಾನವೆಲ್ಲ ಕೊಟ್ಟೇ ಹೆಸರು ಮಾಡಿದವನಿಗೆ ಕೊಡುವುದಕ್ಕೆ ಇಲ್ಲ ಎನ್ನುವ ಮಾತು ಬಾಯಿಗೆ ಬರಲಿಲ್ಲ. ಕಡಗ ಮನೆಯಲ್ಲಿ ಹಿಟ್ಟಿನ ಡಬ್ಬಿಯೊಳಗಿತ್ತು.

"ಕೇಳಿದ್ರೆ ಇಲ್ಲ ಅಂತಿದ್ನೇನೋ ನಾನು?" ಎಂದಳು ಕಲಿಪಾ. ದನಿ ಏರಲಿಲ್ಲ. "ಬೆಳ್ಳಿ ಹೋದ್ರೆ ಹೋಗ್ಲಿ. ಈ ಹುಡುಗಿ ಅಳ್ತಿರೋವಾಗ ಪಕ್ಕದಲ್ಲಿ ನಿಂತು, ಅದು ಬೆಳ್ಳಿ ತೊಳೆದ ನೀರು ಅಂದ್ಯಲ್ಲ. ಅದನ್ನ ಎಲ್ಲಿ ಬಚ್ಚಿಡ್ತೀಯ?"

ಸಾತಾರ್ ಜುಮಾಶ್‌ನನ್ನು ಕಾರಿನಲ್ಲಿ ಕೂರಿಸಿಕೊಂಡು ಹೋಗಿ ಕಡಗ ತಂದ. ದಾರಿಯುದ್ದಕ್ಕೂ ತನ್ನ ಮೇಲೆ ಡೀಸೆಲ್ಲಿನ ಅಪವಾದ ಇದ್ದ ದಿನಗಳು ಸಾತಾರನಿಗೆ ನೆನಪಾದವು, ಬುರುಲ್ಕಾನ್ ಅಕ್ಕ ಇಲ್ಲದಿದ್ದರೆ ತನ್ನ ಗತಿ ಏನಾಗುತ್ತಿತ್ತು ಎಂದು ಎದೆ ತುಂಬಿ ಬಂತು. ಹಿಂದಿರುಗಿದ ಮೇಲೆ ಜುಮಾಶ್ ಎಲ್ಲರೆದುರಿಗೆ ಕುಬಾತ್‌ಗೆ ತಲೆ ಬಾಗಿಸಿ ತಪ್ಪೊಪ್ಪಿಕೊಂಡ, ಆಮೇಲೆ ಜಿಬೆಕ್‌ಗೆ. ಠಾಣೆಯ ಮಾತನ್ನು ಯಾರೂ ಎತ್ತಲಿಲ್ಲ.

ಕಲಿಪಾ ಕಡಗಗಳನ್ನು ಕೈಯಲ್ಲಿ ಹಿಡಿದು ಸೊಸೆಯ ಮುಂದೆ ಬಂದು ಕೂತಳು.

"ನಿನ್ನೆ ನಾನು ಒಳಗೆ ಓಡಿದ್ದು ಯಾಕೆ ಗೊತ್ತಾ? ನಿನ್ನ ಮಾವ ತೀರ್ಕೊಂಡ್ಮೇಲೆ ಆ ಹೆಡ್‌ಲೈಟಲ್ಲಿ ನನ್ನ ಮುಖ ಕಂಡಿದ್ದು ನಿನ್ನೆನೇ ಮೊದಲು. ಅದಕ್ಕೆ ನಾನೇನು ಕಾಣಿಕೆ ಕೊಡ್ಲಿ ಅಂತ ಯೋಚಿಸ್ದೆ. ಇವನ್ನ ನಿನ್ನ ಕೈಗೆ ತೊಡಿಸೋಣ ಅಂತ ತರೋಕೆ ಹೋದೆ. ಪೆಟ್ಟಿಗೆ ಖಾಲಿ ಇತ್ತು. ನಿಂಗೆ ಕೊಡ್ಬೇಕು ಅಂತ ಹೋದವಳು ನಿನ್ನನ್ನೇ ಕಳ್ಳಿ ಅಂದ್ಬಿಟ್ಟೆ."

ಜಿಬೆಕ್ ಅಳಲಿಲ್ಲ. ಅತ್ತೆ ತೊಡಿಸಿದ ಕಡಗಗಳಲ್ಲಿ ಒಂದನ್ನು ಬಿಚ್ಚಿ, ಜುಮಾಶ್‌ನ ಮಗಳ ಮದುವೆಗೆ ಇರಲಿ, ಅವಳೇನು ತಪ್ಪು ಮಾಡಿದ್ದಾಳೆ ಎಂದು ಅವನ ಕೈಯಲ್ಲಿಟ್ಟಳು. ಶಾಕಿನ್ ಮೂಗೊರೆಸಿಕೊಂಡಳು. ಮೇಷ್ಟ್ರು ಆಕಾಶ ನೋಡಿದರು. ಇಂಥ ಹುಡುಗಿಯನ್ನು ಈ ಮನೆಗೆ ಕೊಟ್ಟಿದ್ದಕ್ಕೆ ಕಲಿಪಾ ಕುಬಾತ್‌ನ ಎರಡೂ ಕೈ ಹಿಡಿದು ಕೃತಜ್ಞತೆ ಹೇಳಿದಳು, ಅವನು ಲಾರಿಯ ಕೀಲಿಯನ್ನು ಜೇಬಿಗೆ ಹಾಕಿಕೊಂಡ.

ಎಲ್ಲರೂ ಚಹಾಕ್ಕೆ ಕೂತರು. ಜಿಬೆಕ್ ಅಭ್ಯಾಸಬಲದಿಂದ ಚಹಾ ಕಾಯಿಸುವ ಸಮೋವಾರಿನ ಕಡೆಗೆ ಎದ್ದಳು. ಮದುವೆಯಾದಂದಿನಿಂದ ಆ ಮನೆಯಲ್ಲಿ ಚಹಾ ಬಗ್ಗಿಸಿದವಳು ಅವಳೊಬ್ಬಳೇ. ಕಲಿಪಾ ಅವಳ ಭುಜ ಒತ್ತಿ ಕೂರಿಸಿ, ತಾನೇ ಸೊಸೆಯ ಜಾಗದಲ್ಲಿ ಕೂತು, ಉಪ್ಪು ಹಾಕಿದ ಹಾಲಿನ ಚಹಾವನ್ನು ಬಟ್ಟಲಿಗೆ ಬಗ್ಗಿಸಿ ಎರಡು ಕೈಯಲ್ಲಿ ಹಿಡಿದು ಮೊದಲು ಅವಳಿಗೇ ಕೊಟ್ಟಳು. ಅತ್ತೆ ಕೊಟ್ಟ ಬಟ್ಟಲನ್ನು ಅವಳು ಕಪ್ಪು ಬೆರಳುಗಳಲ್ಲಿ ಹಿಡಿದುಕೊಂಡಳು. ಸಾತಾರ್ ಕುಡಿಯುವುದನ್ನು ಬಿಟ್ಟು ನೋಡುತ್ತ ಕೂತ.

ಜಿಬೆಕ್ ಒಂದು ಗುಟುಕು ಕುಡಿದಳು. ಅಷ್ಟು ದಿನ ಅತ್ತೆಯ ಎದುರಿಗೆ ಹೌದು, ಇಲ್ಲ ಎರಡೇ ಮಾತು ಆಡಿದ್ದ ಹುಡುಗಿ.

"ಅತ್ತೆ, ಉಪ್ಪು ಜಾಸ್ತಿ ಆಗಿದೆ," ಎಂದಳು.

"ಆಗಿರುತ್ತೆ," ಎಂದಳು ಕಲಿಪಾ, ಕಣ್ಣು ಒರೆಸಿಕೊಳ್ಳುತ್ತ. "ನಾಳೆಯಿಂದ ನೀನೇ ಮಾಡು."